ಫಾರ್ಮಲಿನ್ನಿಗೆ ಬಿದ್ದ ಗಂಟು

ಆಸ್ಪತ್ರೆಯ ಪ್ರಯೋಗಾಲಯಕ್ಕೆ ಬಾಟಲಿ ಹೊರುವ ಕೆಲಸಕ್ಕೆ ಸೇರಿದ ಮೊದಲ ದಿನ, ಮೂಲೆಯಲ್ಲೊಂದು ಬೆಚ್ಚಗಿನ ಕಪಾಟು ಕಂಡಿತು. ನೌಕರರ ಮೇಲೆ ಇವರಿಗೆ ಎಷ್ಟು ಕಾಳಜಿ ಎಂದುಕೊಂಡು ಊಟದ ಡಬ್ಬಿಯನ್ನು ಅದರೊಳಗಿಟ್ಟೆ. ಅದು ರೋಗಾಣು ಬೆಳೆಸುವ ಕಪಾಟು. ಟೆಕ್ನಿಷಿಯನ್ ಅಕ್ಕ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ತಂದು, "ತಿನ್ಬೇಡ ಕಣೋ. ಆಮೇಲೆ ನಿನ್ನನ್ನೂ ಪರೀಕ್ಷೆ ಮಾಡ್ಬೇಕಾಗುತ್ತೆ" ಎಂದರು.

ಎಲ್ಲರೂ ಅವರನ್ನು ಆರುವಾರದಕ್ಕ ಎನ್ನುತ್ತಾರೆ. ಮಕ್ಕಳ ಕುತ್ತಿಗೆಯಲ್ಲಿ ಗಂಟು ಎದ್ದರೆ ಕ್ಷಯವೆಂದೇ ಮೊದಲ ಗುಮಾನಿ. ಆದರೆ ಕ್ಷಯದ ದಾಯಾದಿಗಳಂಥ ಬೇರೆ ರೋಗಾಣುಗಳೂ ಅಲ್ಲಿ ಬಿಡಾರ ಹೂಡುತ್ತವೆ. ಅವುಗಳ ಚಿಕಿತ್ಸೆಯೇ ಬೇರೆ. ಕೆಲವು ಕಣ್ಣಿಗೆ ಬೀಳುವಷ್ಟು ಬೆಳೆಯಲು ಆರು ವಾರ ಹಿಡಿಯುತ್ತದೆ. ಹತ್ತೊಂಬತ್ತು ವರ್ಷದಿಂದ ಅಕ್ಕ ಅವನ್ನು ಕಾಯುತ್ತಿದ್ದಾರೆ. "ಮನೇಲಿ ಎರಡು ನಿಮಿಷ ಕಾಯೋಕಾಗದೆ ದಿನಾ ಹಾಲು ಉಕ್ಕಿಸ್ತಾಳೆ, ಅಲ್ಲಿ ಹೋಗಿ ಆರು ವಾರ ಹುಳ ಕಾಯ್ತಾಳೆ" ಎಂಬುದು ಅವರ ಗಂಡನ ದೂರು.

ಮೊನ್ನೆ ಬಂದದ್ದು ಐದು ವರ್ಷದ ಹುಡುಗಿಯ ಗಂಟು. ಎರಡು ತಿಂಗಳು ಕ್ಷಯದ ಮಾತ್ರೆ ನುಂಗಿಸಿದರೂ ಇಳಿಯದೆ, ಕೊನೆಗೆ ಕೊಯ್ದು ತೆಗೆದಿದ್ದರು. ಮೂರು ಮಹಡಿ ಇಳಿದು ಬಾಟಲಿ ತಂದವನು ನಾನೇ. ಅಕ್ಕ ಮುಚ್ಚಳ ತೆರೆದವರೇ ಪೆನ್ನು ಬಿಸಾಡಿದರು.

"ಇಡೀ ಗಂಟನ್ನ ಫಾರ್ಮಲಿನ್ನಿಗೆ ಹಾಕಿದ್ದಾರೆ. ಇದ್ದ ರೋಗಾಣು ಎಲ್ಲಾ ಸತ್ತಿರ್ತಾವೆ, ನಾನಿನ್ನೇನು ಬೆಳೆಸ್ಲಿ? ಒಂದು ಚೂರು ಉಪ್ಪುನೀರಲ್ಲಿ ಕಳ್ಸಿ ಅಂತ ಮೇಲೆ ಆಪರೇಷನ್ ವಿಭಾಗದಲ್ಲಿ ಚೀಟಿ ಅಂಟ್ಸಿದೆಯಲ್ಲ?"

ಅಂಟಿಸಿದವನೂ ನಾನೇ. ಗೋಡೆಯಲ್ಲಿ ಜಾಗವಿಲ್ಲವೆಂದು ಬಾಗಿಲ ಹಿಂದೆ ಅಂಟಿಸಿದ್ದೆ. ಆ ಬಾಗಿಲು ಸದಾ ತೆರೆದೇ ಇರುತ್ತದೆ. ಅಕ್ಕನಿಗೆ ಅದನ್ನೂ ಹೇಳಿದೆ. ಅವರು ಬೈಯದೆ ವಾರ್ಡಿಗೆ ಫೋನ್ ಮಾಡಿದರು.

ವಾರ್ಡಿನ ಡಾಕ್ಟರು ಫೋನಿನಲ್ಲಿ, "ಏನೂ ಬೆಳೀಲಿಲ್ಲ ಅಂತ ಬರ್ದುಬಿಡಿ. ಅದೇ ಮಾತ್ರೆ ಮುಂದುವರಿಸೋಣ" ಎಂದರು.

"ಹಾಗೆ ಬರೆದ್ರೆ ಅಲ್ಲಿ ಏನೂ ಇರಲೇ ಇಲ್ಲ ಅಂತ ಓದ್ತಾರೆ ಸರ್. ನಾನು ಬರೆಯಲ್ಲ."

'ಮಾದರಿ ಯೋಗ್ಯವಲ್ಲ, ಮತ್ತೊಂದು ಕಳಿಸಿ' ಎಂದು ಬರೆದು ಸಹಿ ಹಾಕಿದರು. ಅರ್ಧ ಗಂಟೆಯಲ್ಲಿ ಆ ವರದಿ ಹಿಡಿದು ಹುಡುಗಿಯ ತಾಯಿ ನಮ್ಮ ಕಿಟಕಿಗೆ ಬಂದರು. ನಾನು ಕಂಪ್ಯೂಟರಿನ ಮರೆಗೆ ಸರಿದೆ.

"ಮತ್ತೆ ಕೊಯ್ಬೇಕಂತೆ?"

"ಹೂಂ ಕಣಮ್ಮ. ಪಕ್ಕದಲ್ಲಿ ಇನ್ನೊಂದು ಊದಿದೆಯಲ್ಲ, ಅದರ ಚೂರು ಬೇಕು. ಯಾವ ರೋಗಾಣು ಅಂತ ಗೊತ್ತಾಗದೆ ಸರಿಯಾದ ಔಷಧಿ ಕೊಡೋಕಾಗಲ್ಲ. ಆಮೇಲೂ ಆರು ವಾರ ಆಗಬಹುದು."

ತಾಯಿ ವರದಿಯನ್ನು ಮಡಿಸಿದರು, ಮತ್ತೆ ಬಿಚ್ಚಿದರು. "ಹಾಗಾದ್ರೆ ಮೊದಲನೇ ಸಲ ನನ್ನ ಮಗಳ ಕುತ್ತಿಗೆ ಕೊಯ್ದಿದ್ದು ಸುಮ್ಮನೇನಾ?"

"ನನ್ನ ಪರೀಕ್ಷೆ ಮಟ್ಟಿಗೆ ಸುಮ್ಮನೇ ಕಣಮ್ಮ. ತಪ್ಪು ನಮ್ದು."