ಕೊಡದೆ ಉಳಿದ ಇಂಜೆಕ್ಷನ್

೨೦೦೭ರಲ್ಲಿ ನಾನು ಮಂಜೇಶ್ವರದ ಹತ್ತಿರ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಕ್ಯಾಶುವಾಲಿಟಿ ವೈದ್ಯನಾಗಿದ್ದೆ. ಮಳೆಗಾಲಕ್ಕೆ ಮೊದಲು ಹಂಚಿನ ಮಾಡು ಸರಿಮಾಡಲು ಹತ್ತಿ ಬಿದ್ದವರು ನಮ್ಮಲ್ಲಿಗೆ ಬರುವುದು ಹೊಸತಲ್ಲ. ಆ ಮೇ ತಿಂಗಳ ಒಂದು ಬೆಳಿಗ್ಗೆ, ಹಾಗೆಯೇ ಬಿದ್ದಿದ್ದ ಮೀಂಜದ ವಿಶ್ವನಾಥನನ್ನು ಸಂಗಡಿಗರು ಆಟೊದಲ್ಲಿ ಕೂರಿಸಿಕೊಂಡೇ ತಂದರು. ಬೆನ್ನಿಗೆ ಪೆಟ್ಟಾದವನನ್ನು ಎತ್ತಿ ಕೂರಿಸಿ ಸೋಡಾ ಕುಡಿಸುವುದು ನಮ್ಮೂರಿನ ಪ್ರೀತಿ. ಅದರಿಂದ ಮುರಿದ ಎಲುಬು ಇನ್ನಷ್ಟು ಜರುಗುತ್ತದೆಂದು ಯಾರಿಗೂ ಹೊಳೆಯುವುದಿಲ್ಲ.

ಕಾಲು ಅಲ್ಲಾಡುತ್ತಿರಲಿಲ್ಲ. ಹೆಬ್ಬೆರಳು ಮುಟ್ಟಿದರೆ ಮಾತ್ರ ಗೊತ್ತಾಗುತ್ತಿತ್ತು. ಅಂದರೆ ಬೆನ್ನುಹುರಿ ಪೂರ್ತಿ ಹೋಗಿರಲಿಲ್ಲ. ಉಳಿದಷ್ಟನ್ನು ಕಾಪಾಡಿ ಆಪರೇಷನ್‌ಗೆ ಮಂಗಳೂರಿಗೆ ಕಳಿಸಬೇಕು. ಮಲಗಿಸಿ ಒಯ್ಯುವ ಆಂಬ್ಯುಲೆನ್ಸ್ ಕಾಸರಗೋಡಿನಿಂದ ಬರಬೇಕಿತ್ತು.

ಅಷ್ಟರಲ್ಲಿ ಅವನ ಹೆಂಡತಿಯ ಅಣ್ಣ ಜಗದೀಶನ ಫೋನು ದುಬೈಯಿಂದ ಬಂತು. ಎಂಟು ಗಂಟೆಯೊಳಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಕಾಲು ಬರುತ್ತದೆಂದು ಅಲ್ಲಿ ಯಾರೋ ಹೇಳಿದ್ದರಂತೆ. ಹುರಿಯ ಬಾವು ಇಳಿದು ನರಗಳು ಉಳಿದಾವೆಂಬ ಆಸೆಯಲ್ಲಿ ಆಗ ಎಷ್ಟೋ ಕಡೆ ಅದನ್ನು ಕೊಡುತ್ತಿದ್ದುದು ನಿಜ. ಪ್ರಯೋಜನದ ಬಗ್ಗೆ ತಜ್ಞರಲ್ಲೇ ಒಮ್ಮತವಿರಲಿಲ್ಲ. ವಿಶ್ವನಾಥನಿಗೋ ಸಕ್ಕರೆ ಕಾಯಿಲೆ, ಪಾದದಲ್ಲಿ ಕೀವು ತುಂಬಿದ ಹುಣ್ಣು. ಅಷ್ಟು ದೊಡ್ಡ ಡೋಸ್ ಕೊಟ್ಟರೆ ಸಕ್ಕರೆ ಏರಿ ಸೋಂಕು ಮೈಗೆಲ್ಲ ಹರಡುವ ಭಯವಿತ್ತು.

"ಇಂಜೆಕ್ಷನ್ ನಿಮ್ಮಲ್ಲಿ ಉಂಟಲ್ಲ, ಕೊಡ್ಲಿಕ್ಕೆ ಎಂತ ತೊಂದರೆ? ಆಗದಿದ್ರೆ ಹೇಳಿ, ಈಗಲೇ ಜೀಪಲ್ಲಿ ಮಂಗಳೂರಿಗೆ ಕರ್ಕೊಂಡು ಹೋಗ್ತಾರೆ," ಎಂದ ಜಗದೀಶ.

ನನಗೆ ಸಿಟ್ಟು ನೆತ್ತಿಗೇರಿತು. ಜೀಪು ಆಗಲೇ ಗೇಟಿನಲ್ಲಿತ್ತು. ಇನ್ನೊಮ್ಮೆ ಕೂರಿಸಿ ಕುಲುಕಾಡಿಸಿದರೆ ಉಳಿದಿದ್ದ ಆ ಚೂರು ಸ್ಪರ್ಶವೂ ಹೋಗಬಹುದಿತ್ತು. ಫೋನಿಟ್ಟು, ವಿಶ್ವನಾಥನ ಹೆಂಡತಿ ಸರೋಜಿನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಆಕೆ ಒಂದೇ ಮಾತು ಕೇಳಿದಳು.

"ನಿಮ್ಮ ತಮ್ಮ ಆಗಿದ್ರೆ ಕೊಡ್ತಿದ್ರಾ ಡಾಕ್ಟ್ರೇ?"

"ಇಲ್ಲಮ್ಮ. ಆ ಜೀಪಿಗೆ ಹತ್ತಿಸ್ಲಿಕ್ಕೂ ಬಿಡ್ತಿರಲಿಲ್ಲ."

ಅಣ್ಣನನ್ನು ಕೇಳದೆಯೇ ಆಕೆ ಹೊರಗೆ ಹೋಗಿ ಜೀಪನ್ನು ವಾಪಸು ಕಳಿಸಿದಳು.

ನಾವು ಮಾಡಿದ್ದು ನೋಡುವವರಿಗೆ ಚಿಕಿತ್ಸೆ ಅನಿಸುವಂಥದ್ದಲ್ಲ. ಅಲ್ಲಾಡದಂತೆ ಮಲಗಿಸಿದೆವು, ಆಕ್ಸಿಜನ್ ಕೊಟ್ಟೆವು, ಹುರಿಗೆ ರಕ್ತ ಕಡಿಮೆಯಾಗಬಾರದೆಂದು ಬಿಪಿ ಇಳಿಯದಂತೆ ಡ್ರಿಪ್ ಹಾಕಿ ಕಾದೆವು. ಆಂಬ್ಯುಲೆನ್ಸ್ ಬಂತು. ಮಂಗಳೂರಿನಲ್ಲಿ ಆಪರೇಷನ್ ಆಯಿತು.

ಮರುವರ್ಷ ವಿಶ್ವನಾಥ ಕೋಲೂರಿಕೊಂಡು ನಡೆದು ಬಂದ. ರಜೆಯಲ್ಲಿ ಊರಿಗೆ ಬಂದಿದ್ದ ಜಗದೀಶನೂ ಜೊತೆಗಿದ್ದ. "ಅವತ್ತು ಇಂಜೆಕ್ಷನ್ ಕೊಟ್ಟಿದ್ರೆ ಈ ಕೋಲು ಬೇಕಿತ್ತಾ ಡಾಕ್ಟ್ರೇ?" ಎಂದು ಕೇಳಿಯೇಬಿಟ್ಟ.

"ಬಿಡಿ ಭಾವ," ಎಂದ ವಿಶ್ವನಾಥ, ಮುಜುಗರದಿಂದ.

"ಗೊತ್ತಿಲ್ಲ," ಎಂದೆ ನಾನು. ಅದು ಜಾರಿಕೆಯ ಉತ್ತರವಲ್ಲ, ನನಗೆ ನಿಜವಾಗಿ ಗೊತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಆ ಮದ್ದಿನ ಬಳಕೆ ಕಡಿಮೆಯಾಯಿತು. ಆದರೂ ಜಗದೀಶನಿಗೆ ಹೇಳಲು ಇವತ್ತಿಗೂ ನನ್ನಲ್ಲಿ ಬೇರೆ ಮಾತಿಲ್ಲ. ಕೊಡದ ಮದ್ದಿಗೂ ವೈದ್ಯನೇ ಹೊಣೆ ಎಂದು ಕೆಲಸ ಕಲಿಸಿತು. ಆ ಕೋಲಿನ ದೂರು ನನ್ನ ಮೇಲೇ ಇರಲಿ. ಅದನ್ನು ಊರಿದವನು ನಡೆದುಕೊಂಡು ಬಂದಿದ್ದ.