ಬಾಗಿಲಿಗೆ ಬೆನ್ನು ಹಾಕಿ ಕೂತವರು

ಸಂಜೆಯಾದರೆ ಚಿಕ್ಕೇಗೌಡರು ಪಂಚಾಯ್ತಿ ಕಚೇರಿಯ ಜಗಲಿಯ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಒಳಗೆ ಮೀಟಿಂಗ್ ಹಾಲಿನಲ್ಲಿ ನಾವು ಎಸ್ಸೆಸ್ಸೆಲ್ಸಿ ಹುಡುಗಿಯರು ಓದುತ್ತಿದ್ದೆವು. ಒಮ್ಮೆಯೂ ತಿರುಗಿ ನೋಡಿದವರಲ್ಲ. ನಮ್ಮ ಗದ್ದಲ ಜಾಸ್ತಿಯಾದರೆ ಮಾತ್ರ ಆ ಬೆನ್ನೇ ಕೆಮ್ಮುತ್ತಿತ್ತು.

ಹನಗೋಡಿನ ಕಡೆಯ ನಮ್ಮೂರ ಪಂಚಾಯ್ತಿಗೆ ಆಗ ಅವರೇ ಅಧ್ಯಕ್ಷರು. ಬಾಯಲ್ಲಿ ಎಲೆಯಡಿಕೆ, ಹೆಗಲ ಮೇಲೆ ಟವಲ್ಲು, ಮೂಗಿನ ತುದಿಯಲ್ಲಿ ಕೋಪ. ದೊಡ್ಡವರನ್ನು ಬೈಯುವಾಗ ಲಾ, ಲೇ. ಮಕ್ಕಳನ್ನು ಮಾತಾಡಿಸುವಾಗ ಅಪ್ಪ, ಅವ್ವ.

ಮಕ್ಕಳ ಗ್ರಾಮಸಭೆ ಎಂದರೆ ನಮ್ಮಲ್ಲಿ ಮೇಷ್ಟ್ರು ಬರೆದುಕೊಟ್ಟ ಪ್ರಶ್ನೆಯನ್ನು ಉರು ಹೊಡೆದು ಒಪ್ಪಿಸುವುದು, ಬಿಸ್ಕತ್ತು ತಿಂದು ಮನೆಗೆ ಹೋಗುವುದು. ಆ ವರ್ಷ ನಾನೂ ಎದ್ದು, “ಚರಂಡಿಗಳ ಸ್ವಚ್ಛತೆಯ ಬಗ್ಗೆ ಗಮನ ಹರಿಸಬೇಕಾಗಿ ಕೋರುತ್ತೇನೆ” ಎಂದೆ. ಗೌಡರು ಕೈ ಅಡ್ಡ ಹಿಡಿದರು.

“ಅದು ನಿಮ್ ಮೇಷ್ಟ್ರ ಚರಂಡಿ ಕಣವ್ವ. ನಿಂಗೇನ್ ಬೇಕು, ಅದ್ನ ಯೋಳು.”

ನನಗೆ ಅಳುವೇ ಬಂತು. “ಮನೇಲಿ ಓದಕ್ಕೆ ಜಾಗ ಇಲ್ಲ ತಾತ, ಎಲ್ಲಾ ಕಡೆ ಹೊಗೆಸೊಪ್ಪು. ಫೇಲಾದ್ರೆ ಸ್ಕೂಲ್ ಬುಡ್ಸಿ ಮದ್ವೆ ಮಾಡ್ತಾರೆ.” ಹಿಂದೆ ನಿಂತಿದ್ದ ಅಪ್ಪ ತಲೆ ತಗ್ಗಿಸಿದರು.

ಸಂಜೆ ಹೊತ್ತು ಮೀಟಿಂಗ್ ಹಾಲ್ ಹುಡುಗಿಯರಿಗೆ ಬಿಡೋಣ ಎಂದು ಗೌಡರು ಅಲ್ಲೇ ಹೇಳಿದರು. ಸದಸ್ಯರೊಬ್ಬರಿಗೆ ಸರಿಬರಲಿಲ್ಲ. “ಎಣ್ಮಕ್ಳು ಕಣಣ್ಣ. ಎಚ್ಚುಕಮ್ಮಿ ಆದ್ರೆ ಯಾರ್ ಹೊಣೆ?”

“ನಾನು ಕಣ್ಲಾ,” ಎಂದ ಗೌಡರು ಅವತ್ತೇ ಜಗಲಿ ಹಿಡಿದರು. ಮುಂದೆ ಅಧ್ಯಕ್ಷಗಿರಿ ಬೇರೆಯವರ ಪಾಲಾಯಿತು, ಜಗಲಿ ಮಾತ್ರ ಬಿಡಲಿಲ್ಲ. ಓದು ಮುಗಿದ ಮೇಲೆ ಟಾರ್ಚ್ ಹಿಡಿದು, ಕೊನೆಯ ಹುಡುಗಿ ಮನೆ ಸೇರುವವರೆಗೆ ಹಿಂದೆಯೇ ಬರುತ್ತಿದ್ದರು. ಕಾಲು ಊದಿಕೊಂಡಿದೆ ಎಂದು ಹೆಂಡತಿ ರೇಗಿದರೆ, “ಊದ್ಕೊಂಡಿರೋದು ನನ್ ಕಾಲು ಕಣಮ್ಮಿ, ನಿಂದಲ್ಲ” ಎನ್ನುತ್ತಿದ್ದರಂತೆ.

ನಾನು ಪಾಸಾದೆ. ಹುಣಸೂರಿನಲ್ಲಿ ಡಿಗ್ರಿಯೂ ಮುಗಿಯಿತು. ಬಾಳೆಹಣ್ಣು ಹಿಡಿದು ನೋಡಲು ಹೋದಾಗ ಗೌಡರು ಹಾಸಿಗೆ ಹಿಡಿದಿದ್ದರು. “ನಿಮ್ಮಿಂದಲೇ ಪಾಸಾದೆ ತಾತ” ಎಂದೆ. ಆ ಸ್ಥಿತಿಯಲ್ಲೂ ಅವರಿಗೆ ಸಿಟ್ಟು ಬಂತು.

“ಪಾಸಾಗ್ಲಿ ಅಂತ ಕಾದ್ನಾ? ಓದಕ್ಕೆ ದೇವಸ್ಥಾನದ ಜಗ್ಲಿನೂ ಇತ್ತು. ಮೆಂಬರ್‌ಗಳು ಕೂರೋ ಕುರ್ಚೀಲಿ ಕೂತು ನಿಮಗೆ ಅಭ್ಯಾಸ ಆಗ್ಲಿ ಅಂತ ಕಾದೆ ಕಣವ್ವ. ಮುಂದಿನ್ ಎಲೆಕ್ಷನ್‌ಗೆ ನೀನ್ ನಿಂತ್ಕೊ.”

“ನೋಡೋಣ ತಾತ” ಎಂದು ಜಾರಿಕೊಂಡೆ.

“ನೋಡೋಣ ಅನ್ನೋದು ಗೆದ್ ಮ್ಯಾಲೆ ಯೋಳೋ ಮಾತು” ಎಂದು ನಕ್ಕರು. ಅದೇ ಕೊನೆಯ ಭೇಟಿ. ಆ ವಾರವೇ ಹೋಗಿಬಿಟ್ಟರು.

ಈಗ ಊರಲ್ಲಿ ಮತ್ತೆ ಚುನಾವಣೆಯ ಮಾತು. ಮೊನ್ನೆ ಊಟಕ್ಕೆ ಕೂತಾಗ ಅಪ್ಪನಿಗೆ ನೇರವಾಗಿ ಹೇಳಿಬಿಟ್ಟೆ, ನಾನು ನಿಲ್ಲುತ್ತೇನೆ ಎಂದು. ಬೈಯುತ್ತಾರೆ ಅಂದುಕೊಂಡಿದ್ದೆ. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

“ಗೌಡ್ರದೊಂದು ಓಟು ಕಮ್ಮಿ ಆಯ್ತಲ್ಲವ್ವ” ಎಂದರು.