ನೀರಿನಡಿಯ ಊರಿಗೆ ಒಂದು ಟ್ರಿಪ್

ನಮ್ಮ ಸೋದರಮಾವ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಬೀದಿಯವರ ಬಾಯಲ್ಲಿ ಅವರು ಇಂದಿಗೂ ‘ರೈಟ್ ರೈಟ್’. ಎಲ್ಲರೂ ಕೂಡಿ ಎಲ್ಲಿಗಾದರೂ ಹೊರಟರೆ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಾರೆ. ಸೋಫಾದ ಮೇಲೆ ಯಾರಾದರೂ ಕಾಲು ಚಾಚಿದರೆ ಸ್ವಲ್ಪ ಒತ್ತಿ ಕೂತ್ಕೊಳ್ಳಿ ಅನ್ನುತ್ತಾರೆ. ಸರ್ವೀಸಿನಲ್ಲಿದ್ದಾಗ ಸ್ಟಾಪ್ ಬಿಟ್ಟು ಬೇರೆಲ್ಲೂ ಬಸ್ ನಿಲ್ಲಿಸಿದವರಲ್ಲ. ಒಮ್ಮೆ ನನ್ನ ಅಮ್ಮ, ಅಂದರೆ ಅವರ ಒಡಹುಟ್ಟಿದ ತಂಗಿ, ಎರಡೂ ಕೈಯಲ್ಲಿ ಚೀಲ ಹಿಡಿದು ಮನೆ ಮುಂದೆಯೇ ಇಳಿಸು ಎಂದು ಗೋಗರೆದರೂ ಮುಂದಿನ ಸ್ಟಾಪಿಗೇ ಒಯ್ದು ಇಳಿಸಿದರು. ಆ ಸಿಟ್ಟನ್ನು ಅಮ್ಮ ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಇಂಥ ಮನುಷ್ಯ ಹಳೇ ಸರ್ಕಾರಿ ಕಾಗದಗಳ ಪತ್ರಾಗಾರಕ್ಕೆ ಹೊರಟಿದ್ದು ತಮ್ಮ ತಾಯಿಗಾಗಿ, ನಮ್ಮ ಅಜ್ಜಿಗಾಗಿ. ಅಜ್ಜಿ ಹುಟ್ಟಿದ ಊರು ಬಿಳಿಯರ ಆಳ್ವಿಕೆಯಲ್ಲಿ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಗಿದೆ. ಆಗ ಅವಳು ಹಾಲುಹಲ್ಲು ಉದುರುವ ವಯಸ್ಸಿನ ಹುಡುಗಿ. ಈಗ ಕಣ್ಣು ಹೆಚ್ಚುಕಡಿಮೆ ಹೋದಂತೆಯೇ. ನೋಡಲು ಏನೂ ಇಲ್ಲವಾದ ಮೇಲೆ ಅವಳು ಕೂತಲ್ಲೇ ಮನಸ್ಸಿನಲ್ಲಿ ಆ ಊರಿಗೆ ಹೋಗಿಬರುವುದನ್ನು ರೂಢಿ ಮಾಡಿಕೊಂಡಿದ್ದಳು. ಸೇತುವೆ ದಾಟಿ, ಬಾವಿ ಹಾದು, ಎಣ್ಣೆ ಗಾಣದ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿ ಮನೆ. ಇತ್ತೀಚೆಗೆ ಅದೂ ಕೈಕೊಟ್ಟಿತು.

“ನಡೀತಾ ನಡೀತಾ ಎಲ್ಲೋ ದಾರಿ ತಪ್ಪುತ್ತೆ ಕಣೋ. ಮನೇನೇ ಸಿಗಲ್ಲ,” ಎಂದು ಒಂದು ದಿನ ಮಗನ ಕೈ ಹಿಡಿದುಕೊಂಡು ಅತ್ತಳು. ಮುಳುಗಿಸುವ ಮೊದಲು ಊರನ್ನು ಅಳೆದು ಬರೆದ ನಕ್ಷೆ ಪತ್ರಾಗಾರದಲ್ಲಿ ಇದ್ದರೂ ಇರಬಹುದು ಎಂದು ಯಾರೋ ಹೇಳಿದ್ದೇ ತಡ, ಮಾವ ನನ್ನನ್ನೂ ಎಳೆದುಕೊಂಡು ಹೊರಟರು.

ಎತ್ತರದ ಕಿಟಕಿಗಳ, ಹಳೇ ಬಟ್ಟೆಯ ವಾಸನೆಯ ಉದ್ದನೆಯ ಕೋಣೆ. ಚೀಲ ಹೊರಗಿಡಬೇಕು, ಪೆನ್ನು ಕೂಡದು, ಪೆನ್ಸಿಲ್ ಆದರೆ ಪರವಾಗಿಲ್ಲ. ಮೇಲ್ವಿಚಾರಕಿ ಕನ್ನಡಕದ ಮೇಲಿಂದ ನೋಡುತ್ತ ನಿಯಮ ಹೇಳಿದರು. ನಿಯಮವೆಂದರೆ ಮಾವನಿಗೆ ಪ್ರಾಣ, ತಲೆ ಆಡಿಸಿದ್ದೇ ಆಡಿಸಿದ್ದು. ಅಣೆಕಟ್ಟಿನ ಕಡತ ಬಂತು. ದಾರ ಬಿಚ್ಚಿದ್ದಾಯಿತು. ಮೊದಲ ಹಾಳೆ ತಿರುಗಿಸುವಾಗ ಮಾವನ ಹೆಬ್ಬೆರಳು ತಾನಾಗಿಯೇ ನಾಲಿಗೆಗೆ ಹೋಗಿ ಬಂದು ಹಾಳೆಯ ಮೂಲೆಯನ್ನು ಒತ್ತಿತು. ಜೀವಮಾನವಿಡೀ ಟಿಕೆಟ್ ಹರಿದ ಬೆರಳು. ಇದು ಬಸ್ಸಲ್ಲ ಅಂತ ಅದಕ್ಕೇನು ಗೊತ್ತು.

ಮೇಲ್ವಿಚಾರಕಿ ಕೂಗಾಡಲಿಲ್ಲ. ಎದ್ದು ಬಂದು ಕಡತ ಮುಚ್ಚಿದರು. ಪ್ರವಾಹ, ಗೆದ್ದಲು ಎಲ್ಲ ದಾಟಿ ಉಳಿದ ಕಾಗದ ನಿಮ್ಮ ಎಂಜಲಿಗೆ ಹಾಳಾಗುವುದು ಬೇಡ, ದಯವಿಟ್ಟು ಹೊರಗೆ ನಡೆಯಿರಿ ಎಂದರು.

ಮಾವ ಮುಖ ಊದಿಸಿಕೊಂಡು ಮೆಟ್ಟಿಲ ಮೇಲೆ ಕೂತರು. ನನಗೋ ನಗು ತಡೆಯಲಾಗುತ್ತಿಲ್ಲ. ಟಿಕೆಟ್ ಇಲ್ಲದವರನ್ನು ಇಳಿಸುತ್ತಲೇ ಮುದುಕರಾದವರನ್ನು ಮೊದಲ ಸಲ ಯಾರೋ ಇಳಿಸಿದ್ದರು.

“ನಾನಾಗಿದ್ರೂ ಇಳಿಸ್ತಿದ್ದೆ,” ಎಂದರು ಮಾವ. “ಆದ್ರೆ ಮನೆಗೆ ಹೋಗಿ ಅಮ್ಮನಿಗೆ ಏನಂತ ಹೇಳ್ಲಿ?”

ಆ ದನಿ ಕೇಳಿ ನನ್ನ ನಗು ಹಾರಿಹೋಯಿತು. ಮಾವ ಎದ್ದು ಕೈ ತೊಳೆದರು, ಒರೆಸಿಕೊಂಡರು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮತ್ತೆ ಒಳಗೆ ಹೋದರು. ಅಜ್ಜಿಯ ಸಂಗತಿ ಹೇಳಿ, ನಾನು ಏನನ್ನೂ ಮುಟ್ಟುವುದಿಲ್ಲ, ಹಾಳೆ ನೀವೇ ತಿರುಗಿಸಿಕೊಡಿ ಎಂದು ಕೇಳಿಕೊಂಡರು. ಮೇಲ್ವಿಚಾರಕಿ ಅವರನ್ನೇ ಒಂದು ಗಳಿಗೆ ನೋಡಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಊಟದ ಹೊತ್ತು ಮೀರಿದರೂ ಏಳಲಿಲ್ಲ. ಕೊನೆಗೆ ನಕ್ಷೆಯ ಮಡಿಕೆ ಬಿಡಿಸಿ ಊರಿನ ಹೆಸರು ಓದಿ ಹೇಳಿದಾಗ ಅವರ ಮುಖವೂ ಅರಳಿತ್ತು.

ಅಂಗೈ ಅಗಲದ ಊರು. ಸೇತುವೆ, ಬಾವಿ, ಕಮ್ಮಾರನ ಕುಲುಮೆ, ಅಲ್ಲಿ ಎರಡಾಗಿ ಕವಲೊಡೆಯುವ ದಾರಿ, ಎಡಗಡೆ ಕೊನೆಯಲ್ಲಿ ಗಾಣ. ಮನೆಗಳಿಗೆ ಹೆಸರಿಲ್ಲ, ಬರೀ ಸಣ್ಣ ಸಣ್ಣ ಚೌಕ. ನಕಲು ಪ್ರತಿ ಸಿಗಲು ಕೆಲವು ದಿನ ಬೇಕು ಎಂದರು. ಮಾವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಹೊಸ ರೂಟಿಗೆ ಹಾಕಿದಾಗ ಮಾಡುತ್ತಿದ್ದಂತೆ ತುಟಿ ಅಲ್ಲಾಡಿಸುತ್ತ ಇಡೀ ದಾರಿಯನ್ನು ಬಾಯಿಪಾಠ ಮಾಡಿಕೊಂಡರು. ಕೈ ಮಾತ್ರ ಬೆನ್ನ ಹಿಂದೆಯೇ ಇತ್ತು.

ಸಂಜೆ ಅಜ್ಜಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ನಕ್ಷೆ ಸಿಕ್ಕಿತು ಎಂದರೆ, ಸಿಕ್ಕಿ ಏನು ಬಂತು, ನನಗೆ ಕಾಣಬೇಕಲ್ಲ ಎಂದಳು. ಮಾವ ಕುರ್ಚಿಯ ಬೆನ್ನು ಹಿಡಿದು ನಿಂತರು. ಗಂಟಲು ಸರಿಮಾಡಿಕೊಂಡು, ಅದೇ ಹಳೇ ದನಿಯಲ್ಲಿ, “ಸೇತುವೆ, ಯಾರ್ರೀ ಸೇತುವೆ,” ಎಂದರು.

ನಿನಗೆ ತಲೆ ಕೆಟ್ಟಿದೆ ಎಂದು ಅಜ್ಜಿ ನಕ್ಕಳು.

“ರೈಟ್. ಮುಂದೆ ಬಾವಿ.”

ಅಜ್ಜಿಯ ನಗು ನಿಂತಿತು. ಬಾವಿಕಟ್ಟೆಯ ಒಂದು ಕಲ್ಲು ಅಲ್ಲಾಡುತ್ತಿತ್ತು, ಅದರ ಮೇಲೆ ಕಾಲಿಟ್ಟು ಬಿದ್ದಿದ್ದೆ ಎಂದಳು.

“ಕುಲುಮೆ. ಬಸ್ ಎಡಕ್ಕೆ ತಿರುಗುತ್ತೆ, ಹಿಡ್ಕೊಳ್ಳಿ.”

ಅಜ್ಜಿ ಕುರ್ಚಿಯ ತೋಳು ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ, “ಎಡಕ್ಕೇ ಕಣೋ. ನಾನು ದಿನಾ ಬಲಕ್ಕೆ ತಿರುಗ್ತಿದ್ದೆ. ಅದಕ್ಕೇ ಮನೆ ಸಿಗ್ತಿರಲಿಲ್ಲ,” ಎಂದಳು.

ಮುಂದೆ ಗಾಣ ಎಂದು ಮಾವ ಬಾಯಿ ತೆರೆಯುವಷ್ಟರಲ್ಲಿ ಅವಳು ಕುರ್ಚಿಯ ತೋಳನ್ನು ತಟ್ಟಿದಳು. “ಇಲ್ಲೇ ನಿಲ್ಲಿಸು. ನಮ್ಮನೆ ಬಂತು.”

ಗಾಣ ಇನ್ನೂ ಬಂದಿರಲಿಲ್ಲ. ಅಲ್ಲಿ ಸ್ಟಾಪೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಅಮ್ಮ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಮಾವ “ಹೋಲ್ಡಾನ್” ಎಂದರು, ಅಜ್ಜಿ ನಿಧಾನವಾಗಿ ಇಳಿದು ಮನೆ ಸೇರುವವರೆಗೂ ‘ರೈಟ್’ ಅನ್ನಲಿಲ್ಲ.